ಒರತೆ ಮುಚ್ಚಿದವನು

ಹಾಲಿಸ್ ಡವೆಲ್ ನೆಲಕ್ಕೆ ತೂತು ಹೊಡೆದೇ ಬದುಕಿದವನು. ಕ್ಯಾಲ್ವರ್ಟ್ ಕೌಂಟಿ ಅನ್ನುವ ಜಿಲ್ಲೆಯ ಅರ್ಧಕ್ಕರ್ಧ ಮನೆಗಳು ಕುಡಿಯುತ್ತಿದ್ದದ್ದು ಅವನು ಕೊರೆದ ಬೋರ್‌ವೆಲ್ಲಿನ ನೀರನ್ನೇ. ಮೂವತ್ತನಾಲ್ಕು ವರ್ಷ ಕೊರೆಯುವ ಯಂತ್ರದ ಪಕ್ಕ ನಿಂತು ನಿಂತು ಕಿವಿ ಮುಕ್ಕಾಲು ಕಿವುಡಾಯಿತು, ಸೊಂಟ ಹಿಡಿದುಕೊಂಡಿತು. ಆಮೇಲೆ ಯಂತ್ರದ ಲಾರಿಯನ್ನು ತಂಗಿಯ ಮಗನಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತ. ಕೂತ ಅನ್ನುವುದು ಮಾತಿಗೆ. ಮೊದಲು ಬಿಡುವಿದ್ದಾಗ ಮಾತ್ರ ಹೋಗುತ್ತಿದ್ದವನ ಪಿಕಪ್ಪು ಈಗ ದಿನಾ, ಕಡಲ ನೀರು ಹಿಂದೆ ಸರಿಯುವ ಇಳಿತದ ಹೊತ್ತಿಗೆ ಸರಿಯಾಗಿ, ಕೊಲ್ಲಿಯ ದಾರಿ ಹಿಡಿದಿರುತ್ತಿತ್ತು, ಹಿಂದೆ ಒಂದು ಜರಡಿ, ಒಂದು ಬಕೆಟ್ಟು, ಒಂದು ಮೊಂಡು ಗುದ್ದಲಿ.

ಚೆಸಪೀಕ್ ಕೊಲ್ಲಿಯ ಈ ಬದಿಯಲ್ಲಿ ನೂರಡಿ ಎತ್ತರದ ಮಣ್ಣಿನ ದರೆ ಮೈಲಿಗಟ್ಟಲೆ ಸೆಟೆದು ನಿಂತಿದೆ. ಅದೆಲ್ಲ ಒಂದು ಕಾಲದ ಕಡಲ ತಳ. ಅದರ ಹೊಟ್ಟೆಯಲ್ಲಿ ಶಾರ್ಕುಗಳ ಹಲ್ಲು, ತಿಮಿಂಗಿಲದ ಬೆನ್ನುಮೂಳೆ, ಡಾಲ್ಫಿನ್ನಿನ ಕಿವಿಮೂಳೆ, ಎಲ್ಲ ಕಲ್ಲಾಗಿ ಕಪ್ಪಗೆ ಕೂತಿವೆ. ಚಳಿಗಾಲದಲ್ಲಿ ಮಣ್ಣು ರಾತ್ರಿ ಹೆಪ್ಪುಗಟ್ಟಿ ಹಗಲು ಕರಗಿ ಹೋಳು ಹೋಳಾಗಿ ಕಳಚುತ್ತದೆ. ಮೇಲಿನ ಓಕ್ ಮರಗಳು ತಲೆಕೆಳಗಾಗಿ ದಂಡೆಗೆ ಬರುತ್ತವೆ. ದರೆ ಬಿದ್ದರೆ ತಾನೇ ಹಲ್ಲು ಹೊರಗೆ ಬರುವುದು? ಹಾಗಾಗಿ ಅದು ಬೀಳಲಿ ಎಂದು ಒಳಗೊಳಗೇ ಬೇಡಿಕೊಳ್ಳುವ ಜನ, ಆ ಹಲ್ಲು ಆಯಲು ಬರುವ ಈ ಊರಿನ ನಾವು. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಹಾಲಿಸನ ಜೊತೆಗಾತಿ ಆರ್ಲೆಟಾ ಗ್ಯಾಂಟ್. ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬೇಯಿಸಿ ಹಾಕಿದವಳು, ಗಂಡ ತೀರಿಕೊಂಡ ಮೇಲೆ ಅಕ್ಕ ಐಡೆಲ್ ಜೊತೆ ಇದ್ದವಳು. ಇಪ್ಪತ್ತೆರಡು ವರ್ಷ ಇಬ್ಬರೂ ಒಂದೇ ದಂಡೆಯಲ್ಲಿ ಬೆನ್ನು ಬಾಗಿಸಿಕೊಂಡು ನಡೆದಿದ್ದರು. ಊರವರು ಮೊದಮೊದಲು ಏನೇನೋ ಆಡಿಕೊಂಡರು. ಹಾಲಿಸನ ಹೆಂಡತಿ ಕೊರಿನ್ ಮಾತ್ರ, ಒಂದು ಹೆಗ್ಗಣಕ್ಕೆ ಇನ್ನೊಂದು ಹೆಗ್ಗಣ ಜೊತೆಯಾಯಿತು, ನನಗೇನು ಕಷ್ಟ ಎಂದು ನಕ್ಕು ಸುಮ್ಮನಾದಳು. ಹಾಲಿಸನಿಗೆ ಕಿವಿ ಕೇಳುತ್ತಿರಲಿಲ್ಲವಲ್ಲ, ದರೆಯಿಂದ ಮರಳು ಸರಸರ ಸುರಿಯುವ ಸದ್ದನ್ನು ಅವನ ಪರವಾಗಿ ಕೇಳುತ್ತಿದ್ದವಳು ಆರ್ಲೆಟಾ. ಎರಡು ಸಲ ಅವನ ಕಾಲರು ಹಿಡಿದು ಈಚೆಗೆ ಎಳೆದಿದ್ದಳು. ಅದಕ್ಕೆ ಬದಲಾಗಿ ಅವನು ಅವಳಿಗೆ ಕಲಿಸಿದ್ದು ನೀರಿನ ಲೆಕ್ಕ. ದರೆಯಲ್ಲಿ ಎಲ್ಲಿ ಒರತೆ ಜಿನುಗಿ ಒದ್ದೆ ಗೆರೆ ಕಾಣುತ್ತದೋ ಅಲ್ಲಿ ನಿಲ್ಲಬೇಡ, ಒಣಗಿದ ಕಡೆ ಕೂತು ಕಾಫಿ ಕುಡಿ ಅಂತ. ಆರ್ಲೆಟಾ ಆ ಮಾತನ್ನು ಪಾಠದಂತೆ ಇಟ್ಟುಕೊಂಡಿದ್ದಳು. ಮೇಲೆ ಮರವೇ ವಾಲಿರಲಿ, ಕೆಳಗೆ ಒಣಗಿದ್ದರೆ ಸಾಕು, ಹಂದಿಮಾಂಸದ ಹ್ಯಾಮ್ ಇಟ್ಟ ಬನ್ನು ಬಿಚ್ಚಿ ಕೂತುಬಿಡುವಳು.

ಹಲ್ಲು ಆಯುವವರ ಜಾತಿಯೇ ವಿಚಿತ್ರ. ಬಕೆಟ್ಟು ಭಾರಕ್ಕೆ ಜಗ್ಗುತ್ತಿದ್ದರೂ, ಏನಾದರೂ ಸಿಕ್ಕಿತಾ ಎಂದು ಕೇಳಿದರೆ, ಏನೂ ಇಲ್ಲ ಮಾರಾಯ, ಬರೀ ಚಿಪ್ಪು ಅನ್ನುತ್ತಾರೆ. ಯಾರಾದರೂ ಇಂಥ ಕಡೆ ಏನೂ ಇಲ್ಲ ಎಂದು ಜಾಗದ ಹೆಸರು ಹಿಡಿದು ಹೇಳಿದರಂತೂ ಮಾರನೆ ದಿನ ಅಲ್ಲಿ ನಾಲ್ಕು ಜನ ಹಾಜರು. ದರೆಯಲ್ಲಿ ದೊಡ್ಡ ಮೂಳೆ ಕಂಡರೆ ಅದನ್ನು ಅಗೆಯುವ ಹಾಗಿಲ್ಲ, ಕಾನೂನು ಇದೆ, ವಸ್ತುಸಂಗ್ರಹಾಲಯದವರಿಗೆ ತಿಳಿಸಬೇಕು. ಅವರು ಬರುವವರೆಗೆ ಬೇರೆಯವರ ಕಣ್ಣಿಗೆ ಬೀಳದಂತೆ ಮೇಲೆ ಜೇಡಿಮಣ್ಣು ಮೆತ್ತಿಡುವುದು ರೂಢಿ. ಮೆತ್ತಿದವನದು ಅದು. ಕಂಡರೂ ಮುಟ್ಟಬಾರದು. ಈ ಮರ್ಯಾದೆಯನ್ನು ಎಲ್ಲರೂ ಉಳಿಸಿಕೊಂಡಿದ್ದರು, ರಾಯ್ಸ್ ಬೋವೆನ್ ಒಬ್ಬನನ್ನು ಬಿಟ್ಟು. ಅವನು ಗರಗಸ ತಂದು ಮೂಳೆ ಕುಯ್ದು ಮಾರುವ ಪೈಕಿ.

ಹಾಲಿಸನಿಗೆ ಒಂದೇ ಆಸೆ. ವಸ್ತುಸಂಗ್ರಹಾಲಯದ ಯಾವುದಾದರೂ ಗಾಜಿನ ಪೆಟ್ಟಿಗೆಯಲ್ಲಿ, ಪುಟ್ಟ ಚೀಟಿಯ ಮೇಲೆ, ಕಂಡುಹಿಡಿದವರು ಹಾಲಿಸ್ ಡವೆಲ್ ಅಂತ ಇರಬೇಕು. ಇಪ್ಪತ್ತೆಂಟು ವರ್ಷ ಅವನು ಅಂಗೈಯಗಲದ ಹಲ್ಲುಗಳನ್ನು ಹೊತ್ತುಕೊಂಡು ಹೋಗಿದ್ದೇ ಹೋಗಿದ್ದು; ಅವರು, ಚೆನ್ನಾಗಿದೆ, ನಮ್ಮಲ್ಲಿ ಇಂಥವು ಬಹಳ ಇವೆ ಎಂದು ವಾಪಸು ಕೊಟ್ಟಿದ್ದೇ ಕೊಟ್ಟಿದ್ದು. ಅಷ್ಟರಲ್ಲಿ ಆರ್ಲೆಟಾಗೆ ಒಂದು ದಿನ, ಚಪ್ಪಲಿಯ ಮರಳು ಕೊಡವಲು ಬಗ್ಗಿದಾಗ, ಕಡಲಹಸು ಎಂಬ ಜಲಚರದ ಕಲ್ಲಾದ ದವಡೆ ಸಿಕ್ಕಿಬಿಟ್ಟಿತು. ಚೀಟಿಯಲ್ಲಿ ಅವಳ ಹೆಸರು ಬಂತು. ಅವಳನ್ನು ತನ್ನ ಪಿಕಪ್ಪಿನಲ್ಲೇ ಕರೆದುಕೊಂಡು ಹೋಗಿ, ಗಾಜಿನ ಮುಂದೆ ನಿಲ್ಲಿಸಿ ಫೋಟೊ ತೆಗೆದವನು ಹಾಲಿಸ್. ಒಂಬತ್ತು ವರ್ಷದಿಂದ ಆ ಹೊಟ್ಟೆಯುರಿಯನ್ನು ನುಂಗಿಕೊಂಡೇ ಇದ್ದ. ಆರ್ಲೆಟಾಗೆ ಅದರ ಸುಳಿವೂ ಇರಲಿಲ್ಲ.

ಸಾವಿರದ ಒಂಬೈನೂರ ಎಂಬತ್ತೊಂಬತ್ತರ ಫೆಬ್ರವರಿಯಲ್ಲಿ ವಾಯವ್ಯದ ಗಾಳಿ ಮೂರು ದಿನ ಬಿಡದೆ ಬೀಸಿ ಕೊಲ್ಲಿಯ ನೀರನ್ನೆಲ್ಲ ಆಚೆ ದಡಕ್ಕೆ ದೂಡಿತು. ಆರ್ಲೆಟಾ ಜ್ವರ ಹಿಡಿದು ಮಲಗಿದ್ದಳು, ಹಾಲಿಸ್ ಒಬ್ಬನೇ ಹೋದ. ಉದ್ದಕೊರಕಲು ಅನ್ನುವ ಜಾಗದಾಚೆ, ಎದೆಮಟ್ಟದಲ್ಲಿ, ದರೆಯ ನೀಲಿ ಮಣ್ಣಿನಲ್ಲಿ ಕಪ್ಪಗೆ ಏನೋ ಗುಂಡಗೆ ಹೊಳೆಯಿತು. ಬೆರಳಿನಿಂದ ಕೆರೆದು ನೋಡಿದ. ಡಾಲ್ಫಿನ್ನಿನ ತಲೆಬುರುಡೆ. ನೆತ್ತಿ ಇದೆ, ಕಣ್ಣಿನ ಗೂಡು ಇದೆ, ಮೂತಿ ಒಳಗೆ ಚಾಚಿಕೊಂಡಿದೆ. ಬುರುಡೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಚಿಪ್ಪಿನ ಪದರವೊಂದರಿಂದ ಒರತೆ ಜಿನುಗಿ ತುಕ್ಕಿನ ಬಣ್ಣದ ಗೆರೆಗಳು ಇಳಿದಿದ್ದವು. ಹಾಲಿಸ್ ಅದನ್ನು ನೋಡಿದ, ನೋಡಿಯೂ ಅಲ್ಲೇ ನಿಂತ.

ಬರೀ ಜೇಡಿ ಮೆತ್ತಿದರೆ ಆ ಒರತೆಗೆ ಒಂದೇ ದಿನದಲ್ಲಿ ಕೊಚ್ಚಿಹೋಗುತ್ತದೆ. ಅವನ ಶೆಡ್ಡಿನಲ್ಲಿ ಬೋರ್‌ವೆಲ್ ಕೊಳವೆಯ ಸುತ್ತ ತುಂಬುವ ಜೇಡಿಪುಡಿ ಅರ್ಧ ಮೂಟೆ ಮಿಕ್ಕಿತ್ತು. ನೀರು ತಾಗಿದಷ್ಟೂ ಉಬ್ಬಿ ಬಿಗಿಯುವ ಜೇಡಿ ಅದು. ಅದು ಕೂತ ಕಡೆ ಮೇಲಿನ ಕೊಳಕು ನೀರು ಒಂದು ಹನಿ ಕೆಳಗಿಳಿಯುವುದಿಲ್ಲ. ಎರಡು ಬಕೆಟ್ಟು ಕಲಸಿ ಬುರುಡೆಯ ಮೇಲೆ, ಒರತೆಯ ಉದ್ದಕ್ಕೂ, ಎರಡು ಮಾರು ಅಗಲ ಗಿಡಿದು, ಮೇಲೆ ದಂಡೆಯ ಮಣ್ಣು ಸವರಿ ಗುರುತೇ ಸಿಗದಂತೆ ಮಾಡಿದ. ಕಸುಬುದಾರನ ಕೈ. ಮನೆಗೆ ಬಂದು ವಸ್ತುಸಂಗ್ರಹಾಲಯಕ್ಕೆ ಫೋನು ಮಾಡಿದ. ಡಾಕ್ಟರ್ ಪ್ರುಯಿಟ್ ಎಂಬ ಹೆಂಗಸು, ಇದು ನಿಜವಾದರೆ ನಿಮ್ಮ ಹೆಸರು ನಮ್ಮಲ್ಲಿ ಶಾಶ್ವತವಾಗಿ ಇರುತ್ತದೆ, ಇನ್ನು ಎರಡು ವಾರಕ್ಕೆ ಗುರುವಾರ ಬರುತ್ತೇವೆ ಅಂದಳು. ಅವನು ಕೊರಿನ್‌ಗೂ ಹೇಳಲಿಲ್ಲ. ಜ್ವರ ಬಿಟ್ಟೆದ್ದ ಆರ್ಲೆಟಾ ಏನಾದರೂ ಸಿಕ್ಕಿತಾ ಎಂದು ಕೇಳಿದಾಗ, ಏನೂ ಇಲ್ಲ, ಬರೀ ಚಿಪ್ಪು ಅಂದ.

ಆಮೇಲೆ ಗಾಳಿ ನಿಂತು ಬಿಸಿಲು ಬಂತು, ಹಿಂದೆಯೇ ಮಳೆ ಬಂತು. ಮೇಲಿನ ಹೊಲಗಳ ಹಿಮವೆಲ್ಲ ಕರಗಿ ನೆಲಕ್ಕಿಳಿಯಿತು. ಏಳನೆಯ ದಿನ ಹಾಲಿಸ್ ಹೋಗಿ ನೋಡಿದರೆ ಮೆತ್ತಿದ್ದು ಗಟ್ಟಿಯಾಗಿತ್ತು, ತುಕ್ಕಿನ ಗೆರೆಗಳು ಬಿಳಿಚಿಕೊಂಡು ದರೆ ಬಟ್ಟೆಯಂತೆ ಒಣಗಿತ್ತು. ಸದ್ಯ, ಅವರು ಬರುವ ಹೊತ್ತಿಗೆ ಅಗೆಯುವುದು ಸುಲಭ ಎಂದು ಖುಷಿಯಾಯಿತು. ಸಂಜೆ ಮನೆಯಲ್ಲಿ ಕೈ ತೊಳೆಯಲು ನಲ್ಲಿ ತಿರುಗಿಸಿದವನು ನೀರು ಸುರಿಯುತ್ತಿದ್ದಂತೆ ಅಲ್ಲೇ ಮರಗಟ್ಟಿ ನಿಂತುಬಿಟ್ಟ. ಇಷ್ಟು ಮಳೆಯಲ್ಲಿ ಒರತೆ ಒಣಗುವುದೆಂದರೇನು? ಆ ನೀರೆಲ್ಲ ಎಲ್ಲಿ ಹೋಯಿತು?

ಎಲ್ಲಿ ಹೋಗುತ್ತದೆ, ದರೆಯ ಹಿಂದೆಯೇ ಕೂತಿತ್ತು. ಊರಿಗೆಲ್ಲ ನೀರು ತೋರಿಸಿದ ಮನುಷ್ಯನಿಗೆ ಅಷ್ಟು ಹೊಳೆಯಲು ಏಳು ದಿನ ಬೇಕಾಯಿತು; ಹೆಸರಿನ ಆಸೆ ಬುದ್ಧಿಗೆ ಮಂಕು ಕವಿಸಿತ್ತು. ಮಾರನೆ ಬೆಳಿಗ್ಗೆ ದರೆಯ ಮೇಲುಗಡೆ, ಚಳಿಗಾಲದಲ್ಲಿ ಯಾರೂ ಇರದ ಬೇಸಿಗೆಮನೆಯೊಂದರ ಹುಲ್ಲುಹಾಸಿಗೆ ಹೋಗಿ ನೋಡಿದ. ಅಂಚಿನಿಂದ ಹತ್ತು ಹೆಜ್ಜೆ ಈಚೆಗೆ ನೆಲ ಸೀಳಿತ್ತು. ಕೈ ಇಳಿಸಿದ, ಮೊಣಕೈವರೆಗೆ ಹೋಯಿತು. ಒಳಗೆ ತಣ್ಣಗೆ ನೀರು ತಗುಲಿತು.

ಕಬ್ಬಿಣದ ಕೊಳವೆ ಹೊಡೆದು ನೀರು ಬಿಡೋಣವೆಂದರೆ ಸುತ್ತಿಗೆಯ ಮೊದಲ ಏಟಿಗೇ ದರೆ ಕುಸಿದು ಬರಬಹುದು. ಕೌಂಟಿ ಕಚೇರಿಗೆ ಹೇಳೋಣವೆಂದರೆ ದರೆಗೆ ಕೈ ಹಾಕಿದ್ದೇ ತಪ್ಪು. ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದರೆ ಹಲ್ಲು ಆಯುವವರು ಅದನ್ನು ನೋಡಿಯೇ ಬರುತ್ತಾರೆ. ಈ ದಂಡೆಯಲ್ಲಿ ಗುರುತು ಅಂದರೆ ಕರೆಯೋಲೆ. ಮಿಕ್ಕವರೆಲ್ಲ ಈ ಚಳಿಗೆ ಅಷ್ಟು ದೂರ ಹೋಗುವವರಲ್ಲ. ಹೋಗುವವಳು ಆರ್ಲೆಟಾ ಒಬ್ಬಳೇ, ಅದೂ ದಿನಾ. ಅವಳು ಸತ್ತುಹೋಗುತ್ತಾಳೆ ಅನ್ನುವ ಮಾತು ಅವನ ತಲೆಯಲ್ಲಿ ಬಂದು ಕೂತಿತು, ಏಳಲಿಲ್ಲ. ಕಿವುಡರಿಗೆಂದು ದನಿ ದೊಡ್ಡದು ಮಾಡಿಸಿದ್ದ ಫೋನು ಎತ್ತಿದ.

"ಆರ್ಲೆಟಾ, ಉದ್ದಕೊರಕಲ ಕಡೆ ಹೋಗ್ಬೇಡ ಕಣೇ. ಏನೂ ಇಲ್ಲ ಅಲ್ಲಿ."

ಆ ಕಡೆಯಿಂದ ನಗು.

"ಏನೂ ಇಲ್ವಾ? ಅದನ್ನ ಹೇಳೋಕೆ ಫೋನ್ ಬೇರೆ ಮಾಡಿದ್ಯಾ?"

"ದರೆ ಸರಿ ಇಲ್ಲ ಅಲ್ಲಿ."

"ಒದ್ದೆ ಇದ್ಯಾ?"

ಇಲ್ಲಿ ಅವನು ಎಲ್ಲ ಹೇಳಬೇಕಿತ್ತು. ನಾಲ್ಕು ಮಾತು ಸಾಕಿತ್ತು. ಆದರೆ ಆ ನಾಲ್ಕು ಮಾತಿನಲ್ಲಿ ಬುರುಡೆಯ ವಿಷಯ ಬರುತ್ತಿತ್ತು, ನಿನಗೆ ಗೊತ್ತಾಗಬಾರದು ಅಂತಲೇ ಮುಚ್ಚಿಟ್ಟೆ ಅನ್ನುವುದೂ ಬರುತ್ತಿತ್ತು.

"ಒದ್ದೆ ಏನಿಲ್ಲ. ಒಣಗಿದೆ," ಅಂದ. "ಆದ್ರೂ ಹೋಗ್ಬೇಡ."

"ಸರಿ ಬಿಡಪ್ಪ," ಅಂದಳು ಆರ್ಲೆಟಾ, ಇನ್ನೂ ನಗುತ್ತಲೇ.

ಫೋನು ಇಟ್ಟ ಮೇಲೆ ಅವನಿಗೆ ತಾನು ಮಾಡಿದ್ದೇನೆಂದು ಅರ್ಥವಾಯಿತು. ಬೆಳಿಗ್ಗೆ ಎಂಟರ ಇಳಿತಕ್ಕೆ ಗುದ್ದಲಿ ಹಿಡಿದು ಓಡಿದ. ಒದ್ದೆ ಮರಳಿನ ಮೇಲೆ ಅವಳ ಬೂಟಿನ ಗುರುತು ಅವನಿಗಿಂತ ಮುಂದೆ ಹೋಗಿತ್ತು, ಎಲ್ಲೂ ನಿಂತಿರಲಿಲ್ಲ, ಬಗ್ಗಿರಲಿಲ್ಲ, ಸೀದಾ ಉದ್ದಕೊರಕಲಿಗೆ.

ಅವಳು ದರೆಗೆ ಮೈ ಒತ್ತಿಕೊಂಡು ಅಡುಗೆಮನೆಯ ಚೂರಿಯಿಂದ ಮಣ್ಣು ಬಿಡಿಸುತ್ತಿದ್ದಳು. ಬುರುಡೆ ಅರ್ಧಕ್ಕಿಂತ ಹೆಚ್ಚು ಈಚೆಗೆ ಬಂದಿತ್ತು. ಕಾಫಿಯ ಫ್ಲಾಸ್ಕು ಕಾಲಬಳಿ ಇತ್ತು. ಹಾಲಿಸ್ ನೀರಿನಂಚಿನಿಂದಲೇ ಕೂಗಿದ, ಈಚೆ ಬಾ, ಹಿಂದೆ ನೀರು ಕಟ್ಟಿಕೊಂಡಿದೆ ಅಂತ.

"ಒಣಗಿದೆ ಕಣೋ, ಕಣ್ಣು ಕಾಣಲ್ವಾ?" ಅಂದಳು, ಅವನಿಗೆ ಕೇಳಲೆಂದು ಗಟ್ಟಿಯಾಗಿ. "ನೀನೇ ತಾನೇ ಹೇಳ್ಕೊಟ್ಟಿದ್ದು."

"ಒಣಗಿರೋದಲ್ಲ ಅದು, ನಾನು ಮುಚ್ಚಿರೋದು. ಬೋರ್‌ವೆಲ್ ಜೇಡಿ ಹಾಕಿ ಮುಚ್ಚಿದೀನಿ."

ಅವಳ ಕೈ ನಿಂತಿತು. ಚೂರಿಗೆ ಅಂಟಿದ್ದ ಜೇಡಿಯನ್ನು ನೋಡಿದಳು, ಆಮೇಲೆ ಅವನನ್ನು.

"ಇದು ನಿಂದಾ?"

"ಹೂಂ."

"ರಾಯ್ಸ್‌ದು ಅಂದ್ಕೊಂಡಿದ್ದೆ, ನಿಂದಾಗಿದ್ರೆ ನಂಗೆ ಹೇಳ್ತಿದ್ದೆ ಅಂತ. ಅವನು ಬಂದು ಕುಯ್ದು ಮಾರೋಕೆ ಮುಂಚೆ ತೆಗೆದಿಡೋಣ ಅಂತ..." ಅವಳು ಚೂರಿ ಇಳಿಸಿದಳು. "ಹೇಳಿದ್ದಿದ್ರೆ ನಾನು ಮುಟ್ತಿದ್ನಾ, ಹಾಲಿಸ್?"

ಈಗ ಬಾ, ಆಮೇಲೆ ಮಾತಾಡೋಣ ಎಂದು ಕೈ ಚಾಚಿದ. ಅವಳ ಮುಖ ಗಟ್ಟಿಯಾಯಿತು. ನನ್ನನ್ನು ಓಡಿಸಲು ದರೆ ಬೀಳುತ್ತದೆ ಅಂತ ಕಥೆ ಕಟ್ಟಬೇಡ ಅಂದಳು. ಅರ್ಧ ಬಿಡಿಸಿ ಹೀಗೇ ಬಿಟ್ಟರೆ ಉಬ್ಬರಕ್ಕೆ ಪುಡಿಯಾಗುತ್ತದೆ, ಪೂರ್ತಿ ತೆಗೆದು ನಿನ್ನ ಕೈಗೇ ಕೊಟ್ಟು ಹೋಗುತ್ತೇನೆ, ಆಮೇಲೆ ನಿನ್ನ ಮುಖ ನೋಡುವುದಿಲ್ಲ ಅಂದಳು. ಮತ್ತೆ ಚೂರಿ ಹಾಕಿದಳು. ಹಾಲಿಸ್ ಹತ್ತಿರ ಹೋಗಿ ತೋಳು ಹಿಡಿದು ಎಳೆದ. ಮೂವತ್ತು ವರ್ಷ ಹಂಡೆ ಎತ್ತಿದ ತೋಳು ಅದು, ಒಂದೇ ಸಲಕ್ಕೆ ಕೊಡವಿಕೊಂಡಿತು. ದರೆಯ ಮೇಲಿಂದ ಒಂದು ಹಿಡಿ ಮರಳು ಅವನ ಟೋಪಿಯ ಮೇಲೆ ಬಿತ್ತು. ಸಿಟ್ಟಿನಲ್ಲಿದ್ದ ಅವಳಿಗೆ ಈ ಸಲ ಅದು ಕೇಳಿಸಲಿಲ್ಲ.

ಬುರುಡೆ ಅಲ್ಲಿರುವವರೆಗೆ ಅವಳು ಅಲ್ಲಿಂದ ಕದಲುವವಳಲ್ಲ. ಇಪ್ಪತ್ತೆರಡು ವರ್ಷದ ಒಡನಾಟದಲ್ಲಿ ಅವನಿಗೆ ಅಷ್ಟು ಗೊತ್ತಿತ್ತು. ಹಾಲಿಸ್ ಗುದ್ದಲಿ ಎತ್ತಿ, ದರೆಗೆ ಏಟು ತಾಗದಂತೆ, ಈಚೆ ಚಾಚಿದ್ದ ಬುರುಡೆಯ ಮೇಲೆ ಹೊಡೆದ. ಮೊದಲ ಏಟಿಗೆ ನೆತ್ತಿ ಒಡೆಯಿತು. ಎರಡನೆಯದಕ್ಕೆ ಮೂತಿ ಹೋಳಾಯಿತು. ಮೂರನೆಯದು ಬೇಕಾಗಿರಲಿಲ್ಲ, ಆದರೂ ಹೊಡೆದ. ತುಂಡುಗಳು ಮರಳಿನ ಮೇಲೆ ಚದುರಿದವು.

ಆರ್ಲೆಟಾ ಬೈಯಲಿಲ್ಲ, ಅಳಲಿಲ್ಲ. ಫ್ಲಾಸ್ಕು ಎತ್ತಿಕೊಂಡು ದಂಡೆಯುದ್ದಕ್ಕೂ ನಡೆದು ಹೋದಳು. ಹಾಲಿಸ್ ದೂರ ಸರಿದು ನೀರಿನಂಚಿನಲ್ಲಿ ನಿಂತ. ಈಗಲಾದರೂ ದರೆ ಬೀಳಲಿ, ಅವಳು ತಿರುಗಿ ನೋಡಿ ನಾನು ಸುಳ್ಳು ಹೇಳಲಿಲ್ಲವೆಂದು ತಿಳಿಯಲಿ ಎಂದು ಕಾದ. ಉಬ್ಬರ ಅವನ ಮಂಡಿಗೆ ಬರುವವರೆಗೂ ನಿಂತ. ದರೆ ಅಲುಗಲಿಲ್ಲ.

ಮನೆಗೆ ಬಂದು ಪ್ರುಯಿಟ್‌ಗೆ ಫೋನು ಮಾಡಿ, ಕ್ಷಮಿಸಿ, ಅದು ಬರೀ ಪಕ್ಕೆಲುಬಿನ ಚೂರು, ಬರುವುದು ಬೇಡ ಅಂದ. ದುಃಖವಾಯಿತು, ನಿಜ. ಆದರೆ ಅದರ ಕೆಳಗೆ ಒಂದು ಸಮಾಧಾನವೂ ಇತ್ತು. ಇನ್ನು ಅವಳು ಅಲ್ಲಿ ಹೋಗಲು ಕಾರಣವೇ ಇಲ್ಲ. ಅವಳು ನನ್ನನ್ನು ಎಷ್ಟು ಬೇಕಾದರೂ ದ್ವೇಷಿಸಲಿ, ಬದುಕಿರಲಿ. ಎದುರಾದರೆ ಮುಖ ತೋರಿಸಲಾಗದೆಂದು ಅವನು ದಂಡೆಯ ಕಡೆಗೇ ಹೋಗಲಿಲ್ಲ. ದಿನಾ ಮೇಲುಗಡೆಗೆ ಮಾತ್ರ ಹೋಗಿ, ಅಂಚಿನ ಹತ್ತಿರ ಸುಳಿಯದೆ, ಸೀಳಿನ ಬಾಯಿಯನ್ನು ಕೋಲಿನಿಂದ ಅಳೆದು ಬರುವನು. ಮೊದಲ ದಿನ ಎರಡು ಬೆರಳು ಹೆಚ್ಚಿತ್ತು. ಮೂರನೆಯ ದಿನ ಒಂದು ಗೇಣು.

ನಾಲ್ಕನೆಯ ದಿನ ಕೊರಿನ್ ಆಯ್‌ಸ್ಟರ್ ಸಿಂಪಿಯ ಸಾರು ಬಡಿಸುತ್ತ ಅಂಗಡಿಯಲ್ಲಿ ಐಡೆಲ್ ಸಿಕ್ಕಿದ್ದಳೆಂದು ಹೇಳಿದಳು. ಆರ್ಲೆಟಾ ಊಟದ ಮೇಜನ್ನೆಲ್ಲ ಮೂಳೆಚೂರಿನಿಂದ ತುಂಬಿಟ್ಟಿದ್ದಾಳಂತೆ, ಗೋಂದು ಹಾಕಿ ಜೋಡಿಸುತ್ತಿದ್ದಾಳಂತೆ. ಹಿಟ್ಟಿನ ಜರಡಿ ತೆಗೆದುಕೊಂಡು ದಿನಾ ಇಳಿತಕ್ಕೆ ಹೋಗಿ ಇದ್ದಬದ್ದ ಚೂರೆಲ್ಲ ಜಾಲಿಸಿ ತರುತ್ತಾಳಂತೆ. ಈಗಲೂ ಹೋಗಿದ್ದಾಳಂತೆ.

ಹಾಲಿಸ್ ಚಮಚ ಇಟ್ಟು ಎದ್ದ. ಕೋಟು ಹಾಕಿಕೊಳ್ಳಲಿಲ್ಲ. ಹನ್ನೊಂದೂವರೆಯ ಇಳಿತ, ದಂಡೆ ಉದ್ದಕ್ಕೂ ಖಾಲಿ. ಅರ್ಧ ದಾರಿಗೆ ಬರುವಷ್ಟರಲ್ಲಿ ಕಾಲಿಗೆ ತಾಗುವ ನೀರು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಅವನಿಗೆ ಇನ್ನೇನೂ ನೋಡಬೇಕಾಗಿರಲಿಲ್ಲ, ಆದರೂ ಓಡಿದ. ಉದ್ದಕೊರಕಲಿನ ಆಚೆ ದಂಡೆಯೇ ಇರಲಿಲ್ಲ. ಮನೆಯೆತ್ತರದ ಮಣ್ಣು ಕೊಲ್ಲಿಯೊಳಗೆ ಚಾಚಿಕೊಂಡು ಬಿದ್ದಿತ್ತು, ಅದರ ಮೇಲೆ ಬೇಸಿಗೆಮನೆಯ ಹುಲ್ಲುಹಾಸು ಹಸಿರಾಗಿ ಓರೆಯಾಗಿ ಕೂತಿತ್ತು. ದರೆಯ ಹೊಸ ಮುಖದ ನಡುವಿನಿಂದ ತೋಳುಗಾತ್ರದ ನೀರು ಸುರಿಯುತ್ತಿತ್ತು. ಅವನು ಅವಳ ಹೆಸರು ಕೂಗಿದ, ಉತ್ತರ ಬಂದರೂ ತನಗೆ ಕೇಳಿಸದೆಂದು ನೆನಪಾಗಿ ನಿಲ್ಲಿಸಿದ. ಕೈಯಲ್ಲೇ ಅಗೆದ. ಹಿಂದೆಯೇ ಬಂದ ಕೊರಿನ್ ಕರೆಸಿದ ಅಗ್ನಿಶಾಮಕದವರು ಅವನನ್ನು ಪಕ್ಕಕ್ಕೆ ಸರಿಸಿದರು. ನಾಲ್ಕು ಗಂಟೆಗೆ ಅವಳು ಸಿಕ್ಕಳು.

ಕೌಂಟಿಯ ಪೊಲೀಸು ಮುಖ್ಯಸ್ಥ ಷೆರಿಫನ ಕಡೆಯವನಿಗೆ ಹಾಲಿಸ್ ಎಲ್ಲ ಹೇಳಿದ. ಅವನು ಬರೆದುಕೊಂಡು, ಪ್ರತಿ ಚಳಿಗಾಲವೂ ಈ ದರೆ ಬೀಳುತ್ತಲೇ ಇರುತ್ತದೆ, ನೀವು ಮನೆಗೆ ಹೋಗಿ ಎಂದು ಬೆನ್ನು ತಟ್ಟಿದ. ಬೆನ್ನು ತಟ್ಟಿಸಿಕೊಂಡಿದ್ದು ಅವನಿಗೆ ಹೊಡೆತಕ್ಕಿಂತ ನೋವಾಯಿತು.

ಮಣ್ಣು ಮಾಡಿ ಐದು ದಿನಕ್ಕೆ ಐಡೆಲ್ ಹೇಳಿಕಳಿಸಿದಳು. ಹೋದ. ಊಟದ ಮೇಜಿನ ಮೇಲೆ ಹಳೇ ಟವೆಲ್ಲಿನಲ್ಲಿ ಬುರುಡೆ ಕೂತಿತ್ತು. ನೆತ್ತಿ ಕೂಡಿಸಿದ್ದಳು, ಕಣ್ಣಿನ ಗೂಡು ಕೂಡಿಸಿದ್ದಳು, ಬೆರಳುಗುರಿನಷ್ಟು ಚೂರನ್ನೂ ಬಿಟ್ಟಿರಲಿಲ್ಲ. ಒಡೆದ ಗೆರೆಗಳಲ್ಲಿ ಗೋಂದು ಒಣಗಿತ್ತು. ಮೂತಿಯ ತುದಿಯೊಂದು ಇರಲಿಲ್ಲ.

"ತಪ್ಪು ಮಾಡ್ಬಿಟ್ಟೆ ಅಂತಿದ್ಲು," ಅಂದಳು ಐಡೆಲ್. "ಅವನು ಮೆತ್ತಿಟ್ಟಿದ್ದನ್ನ ನಾನು ಮುಟ್ಟಿದೆ, ಅದಕ್ಕೇ ಅವನಿಗೆ ತಲೆ ಕೆಟ್ಟಿದ್ದು ಅಂತ. ದರೆ ಬೀಳತ್ತೆ ಅಂದಿದ್ನಂತಲ್ಲ ನೀನು? ನಾಲ್ಕು ದಿನ ಆಯ್ತು, ಒಣಗಿ ನಿಂತಿದೆ, ಸುಳ್ಳು ಹೇಳೋಕೂ ಬರಲ್ಲ ಅವನಿಗೆ ಅಂತ ನಗ್ತಿದ್ಲು."

ಹಾಲಿಸ್ ಕೂತು ಮೊದಲಿನಿಂದ ಹೇಳಿದ. ಜೇಡಿಪುಡಿ, ಒರತೆ, ಫೋನಿನಲ್ಲಿ ಆಡದೆ ಉಳಿದ ಮಾತು, ಒಂಬತ್ತು ವರ್ಷದ ಹೊಟ್ಟೆಯುರಿ, ಯಾವುದನ್ನೂ ಬಿಡಲಿಲ್ಲ. ನಾನೇ ಕೊಂದೆ ಅಂದ. ಐಡೆಲ್ ಕಿಟಕಿಯ ಕಡೆ ನೋಡುತ್ತ ಕೇಳಿಸಿಕೊಂಡಳು. ಬೈದಿದ್ದರೆ ಅವನಿಗೆ ಉಸಿರಾಡಲು ಆಗುತ್ತಿತ್ತೋ ಏನೋ. ಅವಳು ಬೈಯಲಿಲ್ಲ.

"ಆ ತುದಿ ಒಂದು ಸಿಕ್ರೆ ಆಯ್ತು, ಸಂಜೆ ತಗೊಂಡು ಹೋಗಿ ಹಾಲಿಸ್ ಮನೆ ಜಗಲಿ ಮೇಲೆ ಇಟ್ಟು ಬರ್ತೀನಿ ಅಂದ್ಲು," ಅಂದಳು ಕೊನೆಗೆ. "ಎರಡು ದಿನದಿಂದ ಅದೊಂದನ್ನೇ ಹುಡುಕ್ತಿದ್ಲು."

ಹಾಲಿಸ್ ಬುರುಡೆಯನ್ನು ಹತ್ತಿರಕ್ಕೆಳೆದು ಮೂತಿ ಮುರಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದ. ಅವನ ಗುದ್ದಲಿ ಒಡೆದ ಅಂಚುಗಳೆಲ್ಲ ಒಳಗೆ ಕಂದು ಬಣ್ಣ, ಒರಟು. ಈ ಅಂಚು ಮಾತ್ರ ಮೇಲ್ಮೈಯಷ್ಟೇ ಕಪ್ಪಗೆ, ನುಣ್ಣಗೆ ಸವೆದಿತ್ತು. ಅದು ಆ ಪ್ರಾಣಿ ಕಡಲ ತಳದಲ್ಲಿ ಹೂತುಹೋಗುವ ಮೊದಲೇ ಮುರಿದು ಹೋದ ತುದಿ. ಆ ದಂಡೆಯಲ್ಲಿ ಅದು ಇರಲೇ ಇಲ್ಲ. ಅವಳ ಜೊತೆಯಲ್ಲಿ ಕೂತು ಒಂದು ಸಲ ನೋಡಿದ್ದರೆ ಹೇಳಿಬಿಡುತ್ತಿದ್ದ.

"ಅದು ಸಿಕ್ಕಿದ್ರೆ ಪೂರ್ತಿ ಆಗ್ತಿತ್ತಾ?" ಎಂದು ಐಡೆಲ್ ಕೇಳಿದಳು.

"ಹೂಂ," ಅಂದ ಹಾಲಿಸ್. "ಪೂರ್ತಿ ಆಗ್ತಿತ್ತು."